ಅವ್ಗೊಲೇಮೊನೊ ಒಡೆಯದಂತೆ

ಅಥೆನ್ಸಿನಲ್ಲಿ ನನ್ನ ಮೊದಲ ಚಳಿಗಾಲ. ನೆಗಡಿ ಜ್ವರ ಅಂತ ಮಲಗಿದ್ದೆ. ಪಕ್ಕದ ಮನೆಯ ಅಜ್ಜಿ ಒಂದು ಪಾತ್ರೆ ಸೂಪ್ ತಂದುಕೊಟ್ಟರು. ತಿಳಿ ಹಳದಿ, ಮಂದ, ಹದವಾದ ಹುಳಿ. ಕೆನೆ ಹಾಕಿದ್ದಾರೆ ಅಂದುಕೊಂಡೆ. ಅದರಲ್ಲಿ ಒಂದು ಹನಿ ಹಾಲೂ ಇರಲಿಲ್ಲ.

'ಅವ್ಗೊಲೇಮೊನೊ' ಅಂದರು. ಅವ್ಗೊ ಅಂದರೆ ಮೊಟ್ಟೆ, ಲೆಮೋನಿ ಅಂದರೆ ನಿಂಬೆ. ಆಗಷ್ಟೇ ಗ್ರೀಕ್ ಅಕ್ಷರ ಕಲಿಯುತ್ತಿದ್ದ ನಾನು 'ಔಗೊ' ಅಂತ ಓದುತ್ತಿದ್ದೆ. ಆಲ್ಫಾ, ಇಪ್ಸಿಲಾನ್ ಸೇರಿದರೆ ಇಲ್ಲಿ 'ಅವ್'. ಒತ್ತು 'ಲೇ' ಮೇಲೆ. 'ಗ' ಮಾತ್ರ ಗಂಟಲಿನಲ್ಲಿ ಉಜ್ಜಿಕೊಂಡು ಬರುತ್ತದೆ, ನಮ್ಮ ಗ ಅಲ್ಲ. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಇದು ಬರೀ ಸೂಪಿನ ಹೆಸರಲ್ಲ. ಮೊಟ್ಟೆ ನಿಂಬೆ ಸೇರಿಸಿ ಮಾಡುವ ಆ ಮಿಶ್ರಣಕ್ಕೇ ಈ ಹೆಸರು. ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿದ ದೊಲ್ಮಾದೆಸ್ ಮೇಲೂ ಇದನ್ನೇ ಹಾಕುತ್ತಾರೆ, ಈಸ್ಟರಿನ ಮಗಿರಿತ್ಸಾ ಸೂಪಿಗೂ ಇದೇ. ಕೋಳಿಯದಾದರೆ ಕೊಟೋಸುಪಾ ಅವ್ಗೊಲೇಮೊನೊ.

ಮೊದಲ ಸಲ ಮಾಡಿದಾಗ ಕುದಿಯುವ ಪಾತ್ರೆಗೇ ಮೊಟ್ಟೆ ಸುರಿದೆ. ಎಳೆ ಎಳೆಯಾಗಿ ಬೆಂದು ತೇಲಿತು. ಅಜ್ಜಿ ನೋಡಿ 'ಎಕೊಪ್ಸೆ' ಅಂದರು. ಕತ್ತರಿಸಿಹೋಯಿತು ಅಂತ ಅರ್ಥ. ನಾವು ಒಡೆಯಿತು ಅನ್ನುತ್ತೇವಲ್ವಾ, ಅದೇ. ಮಜ್ಜಿಗೆ ಹುಳಿ ಮಾಡುವವರಿಗೆ ಈ ಭಯ ಚೆನ್ನಾಗಿ ಗೊತ್ತು.

ಈಗ ಮಾಡುವುದು ಹೀಗೆ. ಒಂದು ಕೋಳಿಯನ್ನು ಎರಡು ಲೀಟರ್ ನೀರಲ್ಲಿ ಈರುಳ್ಳಿ, ಕ್ಯಾರೆಟ್, ಉಪ್ಪು ಹಾಕಿ ಬೇಯಿಸಿ, ರಸ ಸೋಸುತ್ತೇನೆ. ಅದರಲ್ಲಿ ಅರ್ಧ ಕಪ್ ದುಂಡಕ್ಕಿ ಮೆತ್ತಗೆ ಬೇಯಬೇಕು. ಅದರ ಗಂಜಿಯೇ ಸೂಪಿಗೆ ಮೈ ಕೊಡುತ್ತದೆ, ಮೊಟ್ಟೆ ಒಡೆಯದಂತೆಯೂ ಕಾಯುತ್ತದೆ. ಒಲೆ ಆರಿಸಿ ಐದು ನಿಮಿಷ ಬಿಡುತ್ತೇನೆ. ಅಷ್ಟರಲ್ಲಿ ಎರಡು ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಬಡಿದು, ಹಳದಿ ಸೇರಿಸಿ, ಎರಡು ನಿಂಬೆಯ ರಸ ಹಾಕುತ್ತೇನೆ. ಅಲ್ಲಿಯ ದೊಡ್ಡ ಹಳದಿ ನಿಂಬೆ ಅದು. ನಮ್ಮ ಸಣ್ಣ ನಿಂಬೆಯ ಹುಳಿ ಜಾಸ್ತಿ, ರುಚಿ ನೋಡಿಕೊಂಡು ಹಾಕಬೇಕು.

ಆಮೇಲೆ ಅವಸರ ಕೂಡದು. ಬಿಸಿ ರಸವನ್ನು ಸೌಟಿನಿಂದ ನೂಲಿನಂತೆ ಮೊಟ್ಟೆಗೆ ಬಿಡಬೇಕು, ಇನ್ನೊಂದು ಕೈ ಬಡಿಯುತ್ತಲೇ ಇರಬೇಕು. ಮೂರು ನಾಲ್ಕು ಸೌಟು ಹೋದ ಮೇಲೆ ಬಟ್ಟಲು ಬೆಚ್ಚಗಾಗುತ್ತದೆ. ಆಗಲೇ ಅದನ್ನು ಪಾತ್ರೆಗೆ ಸುರಿಯುವುದು. ಮತ್ತೆ ಕುದಿಸುವುದಿಲ್ಲ. ಮರುದಿನ ಬಿಸಿ ಮಾಡುವಾಗಲೂ ಸಣ್ಣ ಉರಿಯೇ.

ಸುರಿಯುವಾಗ ಅಜ್ಜಿ ತುಟಿಯಲ್ಲಿ ಮುತ್ತಿಡುವ ಸದ್ದು ಮಾಡುತ್ತಿದ್ದರು, ಒಡೆಯದಿರಲಿ ಅಂತ. ಈಗ ನಾನೂ ಮಾಡುತ್ತೇನೆ.