ನಾಲೆ ಏರಿ ಮೇಲೆ ಬೈಕ್ ನಿಂತಿದ್ದು ಯಾಕೆ ಅಂದ್ರೆ...

ಭಾನುವಾರ ಬೆಳಗ್ಗೆ ಐದಕ್ಕೇ ಬೆಂಗಳೂರು ಬಿಟ್ಟೆ. ಒಬ್ಬನೇ, ಹಳೇ ಬೈಕಿನಲ್ಲಿ. ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ ಅಲ್ವಾ, ಸರ್ವೀಸ್ ರಸ್ತೆಯಲ್ಲೇ ಮಂಡ್ಯ ಸೇರಿ, ಕೆಆರ್‌ಎಸ್‌ನಿಂದ ಬರುವ ವಿಶ್ವೇಶ್ವರಯ್ಯ ನಾಲೆಯ ಏರಿ ಹಿಡಿದೆ. ಒಂದು ಕಡೆ ನೀರು, ಇನ್ನೊಂದು ಕಡೆ ಕಬ್ಬು.

ಸ್ವಲ್ಪ ದೂರಕ್ಕೇ ಬೈಕ್ ಗೊರಗೊರ ಅಂದು ನಿಂತಿತು. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಸ್ಟಾರ್ಟ್. ಎರಡು ಕಿಲೋಮೀಟರ್‌ಗೆ ಮತ್ತೆ ಆಫ್. ಪ್ಲಗ್ ಬಿಚ್ಚಿ ಉಜ್ಜಿದೆ, ಸುಮ್ನೆ ಕೈ ಸುಟ್ಟುಕೊಂಡೆ. ಕಬ್ಬಿಗೆ ನೀರು ಕಟ್ಟುತ್ತಿದ್ದ ಯಜಮಾನರೊಬ್ಬರು ಬಂದು, "ಪೆಟ್ರೋಲ್ ಅದಾ ನೋಡ್ದೇನಪ್ಪ?" ಅಂದರು. ಅವರ ಸಮಾಧಾನಕ್ಕೆ ಟ್ಯಾಂಕ್ ಮುಚ್ಚಳ ತೆಗೆದೆ. ಸುಯ್ ಅಂತ ಗಾಳಿ ಒಳಗೆ ನುಗ್ಗಿತು!

ಅಲ್ಲೇ ಸಿಕ್ಕಿತು ಕಳ್ಳ. ಪೆಟ್ರೋಲ್ ಕೆಳಗಿಳಿದ ಹಾಗೆ ಆ ಜಾಗಕ್ಕೆ ಗಾಳಿ ಬರಬೇಕು. ಮುಚ್ಚಳದ ಸಣ್ಣ ತೂತಿನಲ್ಲಿ ಧೂಳು, ಪಾಲಿಶ್ ಸೇರಿ ಗಟ್ಟಿಯಾಗಿ ಕೂತಿತ್ತು. ಗಾಳಿ ಇಲ್ಲದೆ, ಎಂಜಿನ್‌ಗೆ ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬುರೇಟರ್‌ಗೆ ಪೆಟ್ರೋಲ್ ಇಳಿಯುತ್ತಿರಲಿಲ್ಲ. ಹೊಳೆಯಲಿ ಅಂತ ಹಿಂದಿನ ವಾರ ಜಾಸ್ತಿ ಪಾಲಿಶ್ ಬಳಿದವನು ನಾನೇ.

ಕೀ ಗೊಂಚಲಿನ ಪಿನ್ನಿನಿಂದ ತೂತು ಬಿಡಿಸಿ, ಬಾಯಿಂದ ಊದಿ ನೋಡಿದೆ. ವಾಪಸ್ ಬರುವಾಗ ಬೆಂಗಳೂರಿನ ಕೆಂಗೇರಿವರೆಗೆ ಒಮ್ಮೆಯೂ ನಿಲ್ಲಲಿಲ್ಲ. ಅಲ್ಲಿ ನಿಂತಿದ್ದು ಟ್ರಾಫಿಕ್‌ಗೆ.