ಬೀಳುವ ಮುಂಚೆ ಹೊಡೆಯಬೇಕು: ಪೋಕೆಮಾನ್ ಗೋ ಕಾಳಗಕ್ಕೆ ದಾಳಿ ಆರಿಸುವುದು ಹೇಗೆ?

ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ. ಮಡಿಕೇರಿಯ ನಮ್ಮ ಮನೆ ಜಗಲಿಯಲ್ಲಿ ಅಕ್ಕನ ಮಗ ಫೋನನ್ನು ನನ್ನ ಮುಖದ ಹತ್ತಿರ ತಂದ. "ಮಾವ, ನನ್ನ ಡ್ರಾಗೊನೈಟ್‌ಗೆ ಡ್ರಾಕೊ ಮೀಟಿಯರ್ ಇದೆ. 150 ಪವರ್! ಆದ್ರೂ ರೇಡಲ್ಲಿ ಏನೂ ಪ್ರಯೋಜನ ಇಲ್ಲ, ಬೇಗ ಬಿದ್ದೋಗುತ್ತೆ."

ಪೋಕೆಮಾನ್ ಗೋ ಎಂಬ ಫೋನ್ ಆಟದಲ್ಲಿ ಅವನು ಸಾಕಿದ ಪೋಕೆಮಾನ್ ಎಂಬ ಕಾಲ್ಪನಿಕ ಪ್ರಾಣಿಗಳಲ್ಲಿ ಡ್ರಾಗೊನೈಟ್ ಒಂದು, ಡ್ರಾಕೊ ಮೀಟಿಯರ್ ಅದರ ದಾಳಿ. ರೇಡ್ ಅಂದರೆ ಆಟಗಾರರು ಗುಂಪಾಗಿ ಒಂದು ಬಲಿಷ್ಠ ಪೋಕೆಮಾನ್ ವಿರುದ್ಧ ಮಾಡುವ ಕಾಳಗ. "ನನ್ನೆದುರೇ ಇನ್ನೊಂದ್ಸಲ ಆಡು" ಎಂದೆ. ಎದುರಿಗೆ ಕಠಿಣ ಮಟ್ಟದ, ಐದು ಸ್ಟಾರಿನ ರೇಕ್ವಾಜಾ ಎಂಬ ಪೋಕೆಮಾನ್. ಹುಡುಗ ಪರದೆ ಕುಟ್ಟುತ್ತಲೇ ಇದ್ದ. ಕೆಳಗಿನ ಎನರ್ಜಿ ಪಟ್ಟಿ ಅರ್ಧ ದಾಟಿತು, ಮುಕ್ಕಾಲು ದಾಟಿತು. ಇನ್ನೇನು ತುಂಬಬೇಕು ಅನ್ನುವಾಗ ಡ್ರಾಗೊನೈಟ್ ಬಿತ್ತು. ತುಂಬಿದ್ದ ಆ ಮುಕ್ಕಾಲು ಪಟ್ಟಿಯೂ ಅದರ ಜೊತೆಗೇ ಹೋಯಿತು. ಅವನ ಪ್ರಶ್ನೆಗೆ ಉತ್ತರ ಆ ಕ್ಷಣದಲ್ಲೇ ಇತ್ತು.

2016ರ ಜುಲೈನಲ್ಲಿ ಬಂದ ಈ ಆಟದಲ್ಲಿ ಪ್ರತಿ ಪೋಕೆಮಾನ್‌ಗೂ ಎರಡು ಬಗೆಯ ದಾಳಿ ಇರುತ್ತದೆ. ಪರದೆ ಮುಟ್ಟಿದಷ್ಟೂ ಸಲ ಬೀಳುವ ಸಣ್ಣ ಏಟು ಫಾಸ್ಟ್ ಅಟ್ಯಾಕ್. ಅದು ಎದುರಾಳಿಗೆ ಸ್ವಲ್ಪ ನೋವು ಕೊಟ್ಟು ನಮಗೆ ಎನರ್ಜಿ ತುಂಬಿಸುತ್ತದೆ. ಆ ಎನರ್ಜಿ ಖರ್ಚು ಮಾಡಿ ಹೊಡೆಯುವ ದೊಡ್ಡ ಏಟು ಚಾರ್ಜ್ಡ್ ಅಟ್ಯಾಕ್. ದೊಡ್ಡ ಏಟುಗಳಲ್ಲೂ ಬೇಗ ತುಂಬುವುದು, ನಿಧಾನ ತುಂಬುವುದು ಅಂತ ಇದೆ. ಹೆಚ್ಚಿನವರು ಎಡವುವುದು ಇಲ್ಲೇ.

ಮೊದಲ ಹೆಜ್ಜೆ: ಬಾರ್ ಎಣಿಸಿ

ಪೋಕೆಮಾನ್‌ನ ಪುಟ ತೆರೆದು ಚಾರ್ಜ್ಡ್ ಅಟ್ಯಾಕ್ ಹೆಸರಿನ ಹತ್ತಿರ ಎಷ್ಟು ಬಾರ್ ಇದೆ ನೋಡಿ. ರೇಡ್ ಮತ್ತು ಜಿಮ್‌ಗಳಲ್ಲಿ ಎನರ್ಜಿ 100ಕ್ಕಿಂತ ಮೇಲೆ ತುಂಬುವುದಿಲ್ಲ (ಜಿಮ್ ಅಂದರೆ ತಂಡಗಳು ಪೋಕೆಮಾನ್ ಕಾವಲಿಟ್ಟು ಹಿಡಿದುಕೊಳ್ಳುವ ಜಾಗ). ಮೂರು ಬಾರ್ ಇದ್ದರೆ ಒಂದು ಏಟಿಗೆ 33 ಎನರ್ಜಿ ಸಾಕು, ಎರಡು ಬಾರ್ ಇದ್ದರೆ 50 ಬೇಕು, ಒಂದೇ ಬಾರ್ ಇದ್ದರೆ ಪೂರ್ತಿ 100. ಬಾರ್ ಕಡಿಮೆ ಆದಷ್ಟೂ ಏಟು ದೊಡ್ಡದು, ಕಾಯುವಿಕೆಯೂ ದೊಡ್ಡದು.

ನಮ್ಮೂರಿನವರಿಗೆ ಇದನ್ನು ಕೋವಿಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಕೈಲ್‌ಪೊಳ್ದು (ಕೊಡಗಿನ ಆಯುಧ ಪೂಜೆಯ ಹಬ್ಬ) ದಿನ ತೆಂಗಿನಕಾಯಿಗೆ ಗುರಿ ಇಡುವಾಗ ಕೇಪಿನ ಕೋವಿ ಹಿಡಿದವನು ಮದ್ದು ಸುರಿದು, ಗಜ ಹಾಕಿ ಜಡಿದು, ಕೇಪು ಇಟ್ಟು ಹೊಡೆಯಬೇಕು. ತೋಟಾ ಕೋವಿಯವನು ತೋಟಾ ತುರುಕಿ ಹೊಡೆಯುತ್ತಾನೆ. ತೆಂಗಿನಕಾಯಿ ಸುಮ್ಮನೆ ನೇತಾಡುತ್ತಿರುತ್ತದೆ, ಯಾರು ಎಷ್ಟು ಹೊತ್ತು ತಗೊಂಡರೂ ನಡೆಯುತ್ತದೆ. ರೇಡ್‌ನಲ್ಲಿ ತೆಂಗಿನಕಾಯಿಯೇ ತಿರುಗಿ ಹೊಡೆಯುತ್ತದೆ.

ಎರಡನೇ ಹೆಜ್ಜೆ: ಪವರ್ ಒಂದನ್ನೇ ನೋಡಬೇಡಿ, ಎನರ್ಜಿಯಿಂದ ಭಾಗಿಸಿ

ಡ್ರಾಗೊನೈಟ್‌ಗೆ ಸಿಗುವ ಮೂರು ಡ್ರಾಗನ್ ದಾಳಿಗಳನ್ನೇ ತೆಗೆದುಕೊಳ್ಳೋಣ. ರೇಡ್ ಲೆಕ್ಕದಲ್ಲಿ ಡ್ರಾಗನ್ ಕ್ಲಾ 50 ಪವರ್, ಮೂರು ಬಾರ್. ಔಟ್‌ರೇಜ್ 110 ಪವರ್, ಎರಡು ಬಾರ್. ಡ್ರಾಕೊ ಮೀಟಿಯರ್ 150 ಪವರ್, ಒಂದೇ ಬಾರ್. ಒಟ್ಟು 300 ಎನರ್ಜಿ ಕೈಗೆ ಬಂತು ಎನ್ನಿ. ಅಷ್ಟರಲ್ಲಿ ಕ್ಲಾ 9 ಸಲ ಹೊಡೆದರೆ 450. ಔಟ್‌ರೇಜ್ 6 ಸಲಕ್ಕೆ 660. ಡ್ರಾಕೊ ಮೀಟಿಯರ್ 3 ಸಲಕ್ಕೆ ಮತ್ತೆ ಅದೇ 450! ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ತೋರಿಸಿದಾಗ ಹುಡುಗ ಎರಡು ಸಲ ತಾನೇ ಗುಣಿಸಿ ನೋಡಿದ.

ಇಷ್ಟಕ್ಕೇ ಔಟ್‌ರೇಜ್ ಗೆದ್ದಿತು ಅನ್ನುವಂತಿಲ್ಲ. ಏಟು ಹೊಡೆಯುವುದಕ್ಕೂ ಸಮಯ ಹಿಡಿಯುತ್ತದೆ. ಕ್ಲಾ ಸುಮಾರು ಒಂದೂವರೆ ಸೆಕೆಂಡಿನಲ್ಲಿ ಮುಗಿದರೆ ಔಟ್‌ರೇಜ್‌ಗೆ ಸುಮಾರು 4 ಸೆಕೆಂಡು, ಡ್ರಾಕೊ ಮೀಟಿಯರ್‌ಗೆ ಸುಮಾರು ಮೂರೂವರೆ ಸೆಕೆಂಡು ಬೇಕು. 6 ಔಟ್‌ರೇಜ್‌ಗೆ 24 ಸೆಕೆಂಡು ಹೋದರೆ 3 ಡ್ರಾಕೊ ಮೀಟಿಯರ್ ಹತ್ತೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ. ಉಳಿದ ಹೊತ್ತಿನಲ್ಲಿ ಫಾಸ್ಟ್ ಅಟ್ಯಾಕ್ ಹೊಡೆಯುತ್ತಲೇ ಇರಬಹುದು. ಹಾಗಾಗಿ ಕಾಗದದ ಮೇಲೆ ಮೂರರ ನಡುವಿನ ಅಂತರ ಮೇಲ್ನೋಟಕ್ಕೆ ಕಂಡಷ್ಟು ಇಲ್ಲ. ನಿಜವಾದ ವ್ಯತ್ಯಾಸ ಮುಂದಿನ ಹೆಜ್ಜೆಯಲ್ಲಿದೆ.

ಮೂರನೇ ಹೆಜ್ಜೆ: ನಿಮ್ಮ ಪೋಕೆಮಾನ್ ಎಷ್ಟು ಹೊತ್ತು ನಿಲ್ಲುತ್ತದೆ?

ನನ್ನ ಪ್ರಕಾರ ಬೇರೆಲ್ಲ ಲೆಕ್ಕಕ್ಕಿಂತ ಇದು ಮುಖ್ಯ. ಪೋಕೆಮಾನ್ ಬಿದ್ದಾಗ ಖರ್ಚಾಗದ ಎನರ್ಜಿ ಮುಂದಿನದಕ್ಕೆ ಬರುವುದಿಲ್ಲ. ಮೂರು ಬಾರ್ ದಾಳಿಯಾದರೆ ನಷ್ಟ ಹೆಚ್ಚೆಂದರೆ 32, ಎರಡು ಬಾರ್ ಆದರೆ 49. ಒಂದೇ ಬಾರ್ ಆದರೆ 99ರವರೆಗೂ ನೀರುಪಾಲು. ಇನ್ನೊಂದು ವಿಷಯ: ಪೆಟ್ಟು ತಿಂದಾಗಲೂ ಎನರ್ಜಿ ಬರುತ್ತದೆ, ಕಳೆದುಕೊಂಡ ಎಚ್‌ಪಿಯ (ಜೀವಬಲದ) ಅರ್ಧದಷ್ಟು. ಪಟ್ಟಿ 90ರಲ್ಲಿರುವಾಗ ದೊಡ್ಡ ಪೆಟ್ಟು ಬಿದ್ದರೆ ಬರುವ ಎನರ್ಜಿಯಲ್ಲಿ 10 ಮಾತ್ರ ಒಳಗೆ ಹೋಗುತ್ತದೆ, ಮಿಕ್ಕಿದ್ದು ಚೆಲ್ಲಿಹೋಗುತ್ತದೆ. ಬೇಗ ಬೇಗ ಖರ್ಚು ಮಾಡುವವನಿಗೆ ಈ ನಷ್ಟ ಕಡಿಮೆ.

ರೇಕ್ವಾಜಾ ಡ್ರಾಗನ್ ಜಾತಿಯದು (ಜಾತಿ ಅಂದರೆ ಆಟದಲ್ಲಿ ‘ಟೈಪ್’; ಪೋಕೆಮಾನ್‌ಗೂ ಅದರ ದಾಳಿಗೂ ಟೈಪ್ ಇರುತ್ತದೆ). ಡ್ರಾಗೊನೈಟ್ ಅದಕ್ಕೆ ಡ್ರಾಗನ್ ದಾಳಿ ಹೊಡೆದರೆ 1.6 ಪಟ್ಟು ತಾಗುತ್ತದೆ, ಅದು ಡ್ರಾಗನ್ ದಾಳಿ ಮಾಡಿದರೆ ಡ್ರಾಗೊನೈಟ್‌ಗೂ ಅಷ್ಟೇ ತಾಗುತ್ತದೆ. ಹೀಗೆ ಬೇಗ ಬೀಳುವ ಕಡೆ ಕಡಿಮೆ ಕಾಯಿಸುವ ದಾಳಿಯೇ ಸರಿ. ನಾನು ಅವನಿಗೆ ಔಟ್‌ರೇಜ್ ಹೇಳಿದೆ. ಎದುರಾಳಿಯ ಏಟು ನಿಮಗೆ ಅಷ್ಟಾಗಿ ತಾಗದೆ ಹೆಚ್ಚು ಹೊತ್ತು ನಿಲ್ಲುವಂತಿದ್ದರೆ ಒಂದು ಬಾರ್ ದಾಳಿಯನ್ನು ಧೈರ್ಯವಾಗಿ ಇಟ್ಟುಕೊಳ್ಳಿ. (ರೇಕ್ವಾಜಾಗೆ ಐಸ್ ದಾಳಿ 2.56 ಪಟ್ಟು ತಾಗುತ್ತದೆ. ಅವಲಾಂಚ್ ಇರುವ ಮ್ಯಾಮೊಸ್ವೈನ್ ನಿಮ್ಮಲ್ಲಿದ್ದರೆ ಡ್ರಾಗೊನೈಟ್ ಮನೆಯಲ್ಲೇ ಇರಲಿ.)

ತಪ್ಪಿಸಿಕೊಳ್ಳುವ ಅಭ್ಯಾಸ ಇರುವವರಿಗೂ ಚಿಕ್ಕ ದಾಳಿಯೇ ಅನುಕೂಲ. ಸರಿಯಾದ ಹೊತ್ತಿಗೆ ಪಕ್ಕಕ್ಕೆ ಸರಿದರೆ ಪೆಟ್ಟು ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ನಿಮ್ಮ ಪೋಕೆಮಾನ್ ನಾಲ್ಕು ಸೆಕೆಂಡಿನ ಏಟಿನ ನಡುವೆ ಇದ್ದರೆ ಸರಿಯಲು ಆಗುವುದಿಲ್ಲ. ಗಾಳಿಮಳೆಗೆ ನೆಟ್‌ವರ್ಕ್ ಬಂದು ಹೋಗಿ ಮಾಡುವ ದಿನ ಅಂತೂ ನಾನು ಒಂದು ಬಾರ್ ದಾಳಿಯ ಸಹವಾಸಕ್ಕೆ ಹೋಗುವುದಿಲ್ಲ.

ನಾಲ್ಕನೇ ಹೆಜ್ಜೆ: ಜಾತಿ, ಹವಾಮಾನ

ಪೋಕೆಮಾನ್‌ನ ಜಾತಿಯದೇ ದಾಳಿಯಾದರೆ 1.2 ಪಟ್ಟು, ಎದುರಾಳಿಗೆ ತಾಗುವ ಜಾತಿಯಾದರೆ 1.6 ಪಟ್ಟು. 50 ಪವರ್‌ನ ದಾಳಿಗೆ ಎರಡೂ ಸೇರಿದರೆ 96 ಆಗುತ್ತದೆ. ಎರಡೂ ಇಲ್ಲದ 90 ಪವರ್‌ನ ದಾಳಿ ಅದರ ಹಿಂದೆ. ರೇಡ್‌ನಲ್ಲಿ ಹವಾಮಾನಕ್ಕೂ 1.2 ಪಟ್ಟು ಇದೆ. ಮಳೆ ಬಂದರೆ ವಾಟರ್, ಎಲೆಕ್ಟ್ರಿಕ್, ಬಗ್ ಜಾತಿಗಳಿಗೆ ಬಲ. ಮಂಜು ಮುಸುಕಿದರೆ ಡಾರ್ಕ್ ಮತ್ತು ಘೋಸ್ಟ್‌ಗೆ, ಗಾಳಿ ಬೀಸಿದರೆ ಡ್ರಾಗನ್, ಫ್ಲೈಯಿಂಗ್, ಸೈಕಿಕ್‌ಗೆ. ಮಡಿಕೇರಿಯಲ್ಲಿ ಒಂದೇ ಮಧ್ಯಾಹ್ನ ಮೂರನ್ನೂ ನೋಡಿದ್ದೇನೆ. ಕಿಟಕಿಯ ಆಚೆ ನೋಡಿ ನಿರ್ಧರಿಸಬೇಡಿ, ಆಟದೊಳಗಿನ ಹವಾಮಾನದ ಗುರುತನ್ನು ನೋಡಿ. ಎರಡೂ ಯಾವಾಗಲೂ ಹೊಂದುವುದಿಲ್ಲ.

ಆಟಗಾರರ ನಡುವಿನ ಕಾಳಗಕ್ಕೆ ಬೇರೆ ಲೆಕ್ಕ

2018ರ ಡಿಸೆಂಬರ್‌ನಲ್ಲಿ ಶುರುವಾದ ಟ್ರೈನರ್ ಬ್ಯಾಟಲ್‌ನಲ್ಲಿ ಅದೇ ದಾಳಿಗೆ ಬೇರೆ ಪವರ್, ಬೇರೆ ಎನರ್ಜಿ. ರೇಡ್‌ನ ಅಂಕಿ ಇಲ್ಲಿ ನಂಬಬೇಡಿ. ಇಲ್ಲಿ ಪ್ರತಿಯೊಬ್ಬರಿಗೂ ಮೂರು ಪೋಕೆಮಾನ್, ಎರಡು ಶೀಲ್ಡ್. ಏಟು ಚಿಕ್ಕದಿರಲಿ ದೊಡ್ಡದಿರಲಿ, ತಡೆಯಲು ಒಂದು ಶೀಲ್ಡ್ ಖರ್ಚಾಗುತ್ತದೆ. ಹಾಗಾಗಿ ಅಗ್ಗದ ದಾಳಿಯೊಂದು, ಭಾರಿ ದಾಳಿಯೊಂದು ಎರಡೂ ಬೇಕು. ನಿಮ್ಮ ಫಾಸ್ಟ್ ಅಟ್ಯಾಕ್ ಒಂದು ಏಟಿಗೆ 8 ಎನರ್ಜಿ ಕೊಡುತ್ತದೆ ಎನ್ನೋಣ. 40 ಎನರ್ಜಿಯ ದಾಳಿಗೆ 5 ಏಟು ಸಾಕು, 65ರದಕ್ಕೆ 9 ಬೇಕು. ಒಂಬತ್ತು ಏಟಿಗೆ ಕಾದು, ಆಗ 40ರ ದಾಳಿ ಬಿಡಿ. ಎದುರಾಳಿಯೂ ಏಟು ಎಣಿಸುತ್ತಿದ್ದರೆ ದೊಡ್ಡದೇ ಬಂತು ಅಂದುಕೊಂಡು ಶೀಲ್ಡ್ ತೆಗೆಯುತ್ತಾನೆ. ಶೀಲ್ಡ್ ಎರಡೂ ಮುಗಿದ ಮೇಲೆ ಭಾರಿ ಏಟಿಗೆ ತಡೆಯಿಲ್ಲ.

ಬದಲಾಯಿಸುವ ಮುಂಚೆ

"ಹಂಗಾದ್ರೆ ಟಿಎಂ ಹಾಕಿ ಡ್ರಾಕೊ ಮೀಟಿಯರ್ ತೆಗೆದುಬಿಡ್ಲಾ?" ಎಂದು ಅವನ ಬೆರಳು ಆಗಲೇ ಪರದೆ ಮೇಲಿತ್ತು. ಕೈ ಹಿಡಿದೆ. ಟಿಎಂ ಅಂದರೆ ಪೋಕೆಮಾನ್‌ನ ದಾಳಿ ಬದಲಾಯಿಸುವ ಆಟದೊಳಗಿನ ವಸ್ತು. ಡ್ರಾಗೊನೈಟ್‌ಗೆ ಈ ದಾಳಿ ಕಮ್ಯುನಿಟಿ ಡೇಯಂಥ ವಿಶೇಷ ದಿನಗಳಲ್ಲಿ ಸಿಗುವಂಥದ್ದು. ಸಾಧಾರಣ ಚಾರ್ಜ್ಡ್ ಟಿಎಂ ಹಾಕಿದರೆ ಅದು ಹೋಗುತ್ತದೆ, ವಾಪಸ್ ತರಲು ಎಲೀಟ್ ಟಿಎಂ ಬೇಕು. ಹಿಂದೊಮ್ಮೆ ನಾನು ಅವಸರದಲ್ಲಿ ಹೀಗೆ ಕಳೆದುಕೊಂಡು ತಿಂಗಳುಗಟ್ಟಲೆ ಸಂಕಟಪಟ್ಟಿದ್ದೇನೆ.

ಅದರ ಬದಲು ಎರಡನೇ ಚಾರ್ಜ್ಡ್ ಅಟ್ಯಾಕ್ ತೆರೆಯಿರಿ. ಡ್ರಾಗೊನೈಟ್‌ಗೆ 75,000 ಸ್ಟಾರ್‌ಡಸ್ಟ್, 75 ಕ್ಯಾಂಡಿ ಆಗುತ್ತದೆ (ಎರಡೂ ಪೋಕೆಮಾನ್ ಹಿಡಿದಾಗ ಕೂಡಿಬರುವ ಸಾಮಗ್ರಿ). ವೀನಸಾರ್‌ನಂಥ ಸ್ಟಾರ್ಟರ್ (ಆಟದ ಶುರುವಿನ) ಪೋಕೆಮಾನ್‌ಗಳಿಗೆ 10,000 ಮತ್ತು 25 ಸಾಕು, ಹೊಸಬರು ಅಲ್ಲಿಂದ ಶುರು ಮಾಡಬಹುದು. ತೆರೆದಾಗ ಯಾವ ದಾಳಿ ಬರುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಅವನಿಗೆ ಮೊದಲು ಹೈಪರ್ ಬೀಮ್ ಬಂತು, ಅದೂ ಒಂದೇ ಬಾರ್. ಮುಖ ಸಣ್ಣದಾಯಿತು. ಎರಡು ಟಿಎಂ ಹಾಕಿದ ಮೇಲೆ ಔಟ್‌ರೇಜ್ ಸಿಕ್ಕಿತು. ಎರಡು ದಾಳಿ ಇರುವಾಗ ಯಾವುದನ್ನು ಬದಲಾಯಿಸಬೇಕು ಎಂದು ಆಟ ಕೇಳುತ್ತದೆ, ಅಲ್ಲಿ ಹೆಸರನ್ನು ಎರಡು ಸಲ ಓದಿ ಒತ್ತಿ.

ಅಷ್ಟರಲ್ಲಿ ಮಳೆ ಹೊಳವಾಗಿತ್ತು. ಐದು ಸ್ಟಾರಿನ ರೇಡ್‌ಗೆ 300 ಸೆಕೆಂಡು, ಎದುರಾಳಿಗೆ 15,000 ಎಚ್‌ಪಿ, ಅಂದರೆ ಗುಂಪೆಲ್ಲ ಸೇರಿ ಸೆಕೆಂಡಿಗೆ 50ರಂತೆ ಇಳಿಸಬೇಕು. ಇಬ್ಬರಿಗೆ ಸಾಲುವುದಿಲ್ಲ ಎಂದು ಹುಡುಗ ಕೊಡೆ ಬಿಡಿಸಿಕೊಂಡು ಪಕ್ಕದ ಮನೆಯವರನ್ನು ಕರೆಯಲು ಹೊರಟ.