ಎಳೆ ಎನಾಮಲ್‌ನಲ್ಲಿ ಸಿಗುವ ಅಲ್ಬುಮಿನ್ ಎಲ್ಲಿಯದು?

ಬೆಳೆಯುತ್ತಿರುವ ಎನಾಮಲ್‌ನ (ಹಲ್ಲಿನ ಹೊರಪದರ) ಪ್ರೋಟೀನನ್ನು, ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದರೆ ಎನಾಮಲ್‌ನ ಮುಖ್ಯ ಪ್ರೋಟೀನಾದ ಅಮೆಲೋಜೆನಿನ್ ಜೊತೆಗೆ 66 ಕಿಲೋಡಾಲ್ಟನ್ ಆಸುಪಾಸಿನಲ್ಲಿ ರಕ್ತದ ಪ್ರೋಟೀನಾದ ಅಲ್ಬುಮಿನ್‌ನ ಬ್ಯಾಂಡ್ (ಪಟ್ಟೆ) ಕೂಡ ಬರುವುದುಂಟು. ಅಮೆಲೋಜೆನಿನ್, ಎನಾಮಲ್ ಕಟ್ಟುವ ಅಮೆಲೋಬ್ಲಾಸ್ಟ್ ಕೋಶಗಳ ಸ್ರಾವ. ಅಲ್ಬುಮಿನ್ ತಯಾರಾಗುವುದು ಯಕೃತ್ತಿನಲ್ಲಿ. ಹಲ್ಲು ಬೆಳೆಯುವಾಗಲೇ ಅದು ರಕ್ತದಿಂದ ಒಳಗೆ ಇಳಿಯಿತೋ, ನಾವು ಬಿಡಿಸುವಾಗ ಅಂಟಿತೋ ಎಂಬುದೇ ತಕರಾರು.

ನಾನು ಬಳಸುವುದು ಕಸಾಯಿಖಾನೆಯಿಂದ ತಂದ, ಸುಮಾರು 6 ತಿಂಗಳ ಹಂದಿಯ ಕೆಳದವಡೆ. ಎರಡನೇ ದವಡೆಹಲ್ಲು ಆಗಿನ್ನೂ ಮೂಳೆಯೊಳಗೇ ಇರುತ್ತದೆ. ದವಡೆಯನ್ನು ಐಸ್ ಮೇಲಿಟ್ಟೇ ಒಡೆಯಬೇಕು. ಹಲ್ಲಿನ ಸುತ್ತಲ ಚೀಲ ತೆಗೆದು, ಎನಾಮಲ್ ಮೇಲಿನ ಮೆತ್ತನೆ ಪದರವನ್ನು ತಣ್ಣನೆ ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಒರೆಸುತ್ತೇನೆ. ಸ್ರಾವದ ಹಂತದ, ಅಂದರೆ ಕೋಶಗಳು ಇನ್ನೂ ಪ್ರೋಟೀನ್ ಸುರಿಸುತ್ತಿರುವ ಎನಾಮಲ್ ಪನೀರಿನಂತೆ ಕೆರೆದು ಬರುತ್ತದೆ. ಗಟ್ಟಿಯಾಗತೊಡಗಿದ ಭಾಗವನ್ನು ಬೇರೆ ಟ್ಯೂಬಿಗೆ ಹಾಕಿ: ಅಲ್ಲಿ ಅಮೆಲೋಜೆನಿನ್ ಕಡಿಮೆಯಾಗಿ ರಂಧ್ರಗಳು ತೆರೆದಿರುವುದರಿಂದ ಹೊರಗಿನ ಅಲ್ಬುಮಿನ್ ಸುಲಭವಾಗಿ ಹಿಡಿದುಕೊಳ್ಳುತ್ತದೆ. ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು (ಪ್ರೋಟಿಯೇಸ್) ತಡೆಯುವ ದ್ರಾವಣ ಮೊದಲಿಂದಲೇ ಇರಲಿ. ಎನಾಮಲ್‌ನಲ್ಲಿರುವ ಎಂಎಂಪಿ20 ಮತ್ತು ಕೆಎಲ್‌ಕೆ4 ಎರಡೂ ಬೇರೆ ಬೇರೆ ಜಾತಿಯ ಪ್ರೋಟಿಯೇಸ್‌ಗಳಾದ್ದರಿಂದ ಒಂದೇ ಇನ್ಹಿಬಿಟರ್ (ತಡೆವಸ್ತು) ಸಾಲದು.

ಮೊದಲ ತೊಳೆತ 50 ಮಿಲಿಮೋಲಾರ್ ಫಾಸ್ಫೇಟ್, ಪಿಎಚ್ 7.4. ಸಡಿಲವಾಗಿ ಅಂಟಿದ ಸೀರಂ ಪ್ರೋಟೀನ್ ಇದರಲ್ಲಿ ಹೊರಡುತ್ತದೆ, ಅಮೆಲೋಜೆನಿನ್ ಬಹುಪಾಲು ಕರಗದೆ ಉಳಿಯುತ್ತದೆ. ಉಳಿದದ್ದನ್ನು 0.5 ಮೋಲಾರ್ ಅಸಿಟಿಕ್ ಆಮ್ಲದಲ್ಲಿ 4 ಡಿಗ್ರಿಯಲ್ಲಿ ಕರಗಿಸುತ್ತೇನೆ.

ಜೆಲ್‌ನಲ್ಲಿ ಪಕ್ಕದ ಲೇನ್‌ಗೆ (ಸಾಲಿಗೆ) ರಕ್ತ ಬೆರೆತ ತೊಳೆದ ನೀರನ್ನೇ ಹಾಕಿ. ಎನಾಮಲ್ ಲೇನ್‌ನಲ್ಲೂ 16 ಕಿಲೋಡಾಲ್ಟನ್ ಹತ್ತಿರ ಹಿಮೋಗ್ಲೋಬಿನ್ ಕಂಡರೆ ಆ ಅಲ್ಬುಮಿನ್ನನ್ನು ನಂಬುವ ಹಾಗಿಲ್ಲ. ಕಾಣದಿದ್ದರೂ, ರಕ್ತಕಣಗಳಿಲ್ಲದ ಪ್ಲಾಸ್ಮಾ ಮಾತ್ರ ಸೋರಿರಬಹುದು. ಇನ್ನೊಂದು ತೊಡಕು: ಹಂದಿಯ ಅಮೆಲೋಜೆನಿನ್ 25 ಕಿಲೋಡಾಲ್ಟನ್‌ನಲ್ಲಿ ಓಡುತ್ತದೆ, ರಕ್ತದ ಪ್ರತಿಕಾಯವಾದ ಐಜಿಜಿಯ ಲೈಟ್ ಚೈನ್ (ಚಿಕ್ಕ ಸರಪಳಿ) ಕೂಡ ಅಲ್ಲೇ. ಸಿಸ್ಟೀನ್‌ಗಳ ನಡುವಿನ ಗಂಧಕದ ಬಂಧ ಬಿಡಿಸುವ ಡಿಟಿಟಿ ಹಾಕದೆ ಇನ್ನೊಮ್ಮೆ ಓಡಿಸಿದರೆ ಐಜಿಜಿ ಒಡೆಯದೆ 150 ಕಿಲೋಡಾಲ್ಟನ್‌ಗೆ ಏರುತ್ತದೆ. ಸಿಸ್ಟೀನ್ ಇಲ್ಲದ ಅಮೆಲೋಜೆನಿನ್ ಜಾಗ ಬದಲಿಸುವುದಿಲ್ಲ.

ಸ್ವಚ್ಛ ಎನಾಮಲ್ ಚೂರೊಂದನ್ನು ತೆಳು ಸೀರಂನಲ್ಲಿ ಅದ್ದಿ, ಅದೇ ರೀತಿ ತೊಳೆದು ಓಡಿಸಿ ನೋಡುವುದೂ ಒಳ್ಳೆಯದು. ಬ್ಯಾಂಡ್ ಉಳಿದರೆ ನಿಮ್ಮ ತೊಳೆತ ಸಾಲದು.

ಅಲ್ಬುಮಿನ್ನನ್ನು ಹಲ್ಲೇ ತಯಾರಿಸಿತೆಂದು ಹೇಳಬೇಕಿದ್ದರೆ ಪ್ರೋಟೀನ್ ಸಿಕ್ಕರೆ ಸಾಲದು, ಅದನ್ನು ತಯಾರಿಸಲು ಕೋಶ ಬಳಸುವ ಎಂಆರ್‌ಎನ್‌ಎ ಕೂಡ ಅಲ್ಲಿ ಸಿಗಬೇಕು. ಉದಾಹರಣೆಗೆ, ಎನಾಮಲ್ ಕೆಳಗಿನ ಡೆಂಟಿನ್‌ನಲ್ಲಿ ಸಿಗುವ ಫೆಟುಯಿನ್-ಎ ಎಂಬ ಪ್ರೋಟೀನ್ ಬಹುಮಟ್ಟಿಗೆ ಯಕೃತ್ತಿನದು, ಖನಿಜಕ್ಕೆ ಅಂಟಿ ಅಲ್ಲಿ ಸೇರುತ್ತದೆ. ಒರೆಸಿ ತೆಗೆದ ಪದರವನ್ನು ಬಿಸಾಡದೆ ಆರ್‌ಎನ್‌ಎ ತೆಗೆದು, ಯಕೃತ್ತಿನ ಮಾದರಿ ಪಕ್ಕಕ್ಕಿಟ್ಟು ಪರೀಕ್ಷಿಸಿ. ಪರೀಕ್ಷೆಯ ಪ್ರೈಮರ್‌ಗಳು (ಹುಡುಕುವ ಭಾಗವನ್ನು ಗುರುತಿಸುವ ಚಿಕ್ಕ ಡಿಎನ್‌ಎ ತುಂಡುಗಳು) ಜೀನ್‌ನ ಎರಡು ಎಕ್ಸಾನ್‌ಗಳನ್ನು (ಎಂಆರ್‌ಎನ್‌ಎಯಲ್ಲಿ ಉಳಿಯುವ ಭಾಗಗಳನ್ನು) ದಾಟುವಂತಿರಲಿ, ಇಲ್ಲವಾದರೆ ಜೀನೋಮಿಕ್ ಡಿಎನ್‌ಎ ಕೂಡ ಬ್ಯಾಂಡ್ ಕೊಟ್ಟು ದಾರಿ ತಪ್ಪಿಸುತ್ತದೆ.